‘ಹೊರಗಿನ ಅಡಿಕೆ’ ಬರುವುದು ಒಂದೇ ಊರಿನಿಂದಲ್ಲ

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಯಾವುದೇ ಅಡಿಕೆ ಅಂಗಡಿಯ ಜಗಲಿಯಲ್ಲಿ ಹತ್ತು ನಿಮಿಷ ನಿಂತರೆ ‘ಹೊರಗಿನ ಅಡಿಕೆ’ ಎಂಬ ಮಾತು ಒಮ್ಮೆಯಾದರೂ ಕಿವಿಗೆ ಬೀಳುತ್ತದೆ. ಒಣ ಅಡಿಕೆಯಾದ ಚಾಲಿಯ ದರ ಇಳಿದರೆ ಹೊರಗಿನ ಅಡಿಕೆ ಬಂದಿದೆ ಎನ್ನುತ್ತಾರೆ, ಏರಿದರೆ ಹೊರಗಿನದ್ದು ನಿಂತಿದೆ ಎನ್ನುತ್ತಾರೆ. ಕಳೆದ ಬೇಸಿಗೆಯಲ್ಲಿ ಅಂಥದೊಂದು ಅಂಗಡಿಯಲ್ಲಿ ಎರಡು ಅಡಿಕೆಗಳನ್ನು ಅಂಗೈಯಲ್ಲಿಟ್ಟು ನೋಡಿದೆ. ಒಂದು ನಮ್ಮ ಅಂಗಳದ್ದೇ ಚಾಲಿ: ಸಿಪ್ಪೆಯ ಸಮೇತ ಸುಮಾರು 40 ದಿನ ಬಿಸಿಲುಂಡು, ಸುಲಿದ ಮೇಲೂ ಇಡಿಯಾಗಿ ಉಳಿದು, ಕತ್ತರಿಯಲ್ಲಿ ಹೋಳು ಮಾಡಿದರೆ ಬಿಳಿಯ ನಡುವೆ ಕಂದು ಗೆರೆ ಕಾಣುವಂಥದು. ಇನ್ನೊಂದು ಹಸಿಯಿದ್ದಾಗಲೇ ಎರಡು ಹೋಳು ಮಾಡಿ ಒಣಗಿಸಿದ್ದು. ಅದರ ಅಂಚು ಒಳಕ್ಕೆ ಮುದುಡಿತ್ತು, ಮೂಸಿದರೆ ತುಸು ಹೊಗೆಯ ವಾಸನೆ ಇತ್ತು. ಇದು ಯಾವ ದೇಶದ್ದು ಎಂದು ಕೇಳಿದಾಗ ಅಂಗಡಿಯವರು, “ಬರ್ಮಾದ್ದೋ ಇಂಡೋನೇಷ್ಯಾದ್ದೋ, ಎಲ್ಲಿಯದ್ದಾದರೇನು ಮಾಷ್ಟ್ರೇ, ಎಲ್ಲ ಒಂದೇ” ಎಂದರು.

ಎಲ್ಲ ಒಂದೇ ಎಂಬ ಆ ಮಾತನ್ನು ಒಪ್ಪಲು ನನಗೆ ಮನಸ್ಸಾಗಲಿಲ್ಲ. ಆ ಹೋಳು ಅಡಿಕೆ ಬಂದಿರಬಹುದಾದ ಆಗ್ನೇಯ ಏಷ್ಯಾದ ಸೀಮೆಯನ್ನು ನಾವು ಮಾತಿನಲ್ಲಿ ಒಂದು ಮಾಡುತ್ತೇವೆ, ದೆಹಲಿಯವರು ವ್ಯಾಪಾರ ಒಪ್ಪಂದದಲ್ಲಿ ಒಂದು ಮಾಡುತ್ತಾರೆ. ಆದರೆ ಅಲ್ಲಿನ ಮಳೆ ಒಂದಲ್ಲ, ಕೂಲಿ ಒಂದಲ್ಲ, ಸರಕಾರ ಒಂದಲ್ಲ. ಅಡಿಕೆ ಹೊರಗೆ ಹೋಗುವ ಕಾರಣವಂತೂ ಒಂದೊಂದು ದೇಶದಲ್ಲಿ ಒಂದೊಂದು. ಆ ವ್ಯತ್ಯಾಸಗಳನ್ನು ತಿಳಿಯದೆ ಕೇಳುವ ಪರಿಹಾರ ನಮ್ಮ ತೋಟಗಳಿಗೆ ಎಟಕುವುದಿಲ್ಲ.

‘ಆಗ್ನೇಯ ಏಷ್ಯಾ’ ಎಂಬ ಹೆಸರೇ ಹೊರಗಿನವರು ಕೊಟ್ಟದ್ದು. ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ಮಿತ್ರರಾಷ್ಟ್ರಗಳು ಮೌಂಟ್‌ಬ್ಯಾಟನ್ ಅವರ ಕೈಕೆಳಗೆ ಆಗ್ನೇಯ ಏಷ್ಯಾ ಕಮಾಂಡ್ ಎಂಬ ಸೇನಾ ವ್ಯವಸ್ಥೆಯನ್ನು ಮಾಡಿದ ಬಳಿಕ ಆ ಹೆಸರು ವ್ಯಾಪಕವಾಗಿ ಬಳಕೆಗೆ ಬಂತು. ಗಡಿಯನ್ನು ಎಲ್ಲಿ ಎಳೆಯಬೇಕೆಂಬುದರಲ್ಲಿ ಇವತ್ತಿಗೂ ಒಮ್ಮತವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ವಿಂಗಡಣೆಯಲ್ಲಿ ಭಾರತವೂ ಆಗ್ನೇಯ ಏಷ್ಯಾಕ್ಕೆ ಸೇರುತ್ತದೆ, ಆ ವಿಭಾಗದ ಕಚೇರಿ ಇರುವುದೇ ದೆಹಲಿಯಲ್ಲಿ. ಆದರೆ ವಿಯೆಟ್ನಾಂ, ಮಲೇಷ್ಯಾ, ಫಿಲಿಪ್ಪೀನ್ಸ್ ಅದರೊಳಗಿಲ್ಲ, ಇಂಡೋನೇಷ್ಯಾವೂ 2025ರಲ್ಲಿ ಅದನ್ನು ಬಿಟ್ಟು ಪಶ್ಚಿಮ ಪೆಸಿಫಿಕ್ ವಿಭಾಗಕ್ಕೆ ಹೋಯಿತು. ವ್ಯಾಪಾರದ ಲೆಕ್ಕದಲ್ಲಿ ಈ ಹೆಸರಿಗೆ ಅರ್ಥ ಕೊಟ್ಟದ್ದು ಅಲ್ಲಿನ ದೇಶಗಳ ಆಸಿಯಾನ್ ಕೂಟ. 1967ರ ಆಗಸ್ಟ್ 8ರಂದು ಬ್ಯಾಂಕಾಕಿನಲ್ಲಿ ಐದು ದೇಶಗಳು ಕೂಡಿ ಕಟ್ಟಿದ ಈ ಕೂಟಕ್ಕೆ 2025ರ ಅಕ್ಟೋಬರಿನಲ್ಲಿ ಪೂರ್ವ ತಿಮೋರ್ ಸೇರಿ ಸದಸ್ಯರ ಸಂಖ್ಯೆ 11 ಆಗಿದೆ. ಒಟ್ಟು ಜನಸಂಖ್ಯೆ ಸುಮಾರು 68 ಕೋಟಿ.

ನಮ್ಮ ತೋಟಗಳಿಗೆ ಈ ಸೀಮೆ ಪರಕೀಯವೇನೂ ಅಲ್ಲ. ಕಂಗಿನ (ಅಡಿಕೆಯ) ಮರದ ತವರೇ ಅತ್ತ ಕಡೆ ಎಂದು ಸಸ್ಯಶಾಸ್ತ್ರಜ್ಞರು ಬಹುವಾಗಿ ನಂಬುತ್ತಾರೆ. ಹೆಸರು ಮಾತ್ರ ಇತ್ತಲಿಂದ ಹೋಯಿತು: ಪೋರ್ಚುಗೀಸರು ಈ ಕರಾವಳಿಯಲ್ಲಿ ಕೇಳಿಸಿಕೊಂಡ ಅಡಕ್ಕ, ಅಡಿಕೆ ಎಂಬ ಮಾತೇ ‘ಅರೆಕ’ ಆಗಿ ಇವತ್ತು ಮರದ ಶಾಸ್ತ್ರೀಯ ನಾಮದಲ್ಲಿ ಕೂತಿದೆ. ಮಲಯ ಭಾಷೆಯಲ್ಲಿ ಅಡಿಕೆಗೆ ‘ಪಿನಾಂಗ್’ ಎನ್ನುತ್ತಾರೆ; ಮಲೇಷ್ಯಾದ ಪೆನಾಂಗ್ ದ್ವೀಪದ ಹೆಸರು ಅದರಿಂದಲೇ ಬಂದದ್ದು, ಹೆಣ್ಣು ಕೇಳುವುದಕ್ಕೆ ಅವರು ಬಳಸುವ ‘ಮೆಮಿನಾಂಗ್’ ಎಂಬ ಕ್ರಿಯಾಪದವೂ ಅದರದ್ದೇ ಸಂತಾನ. ವಿಯೆಟ್ನಾಮಿನ ಒಂದು ಹಳೆಯ ಜನಪದ ಕಥೆಯಲ್ಲಿ ಅಣ್ಣ ತಮ್ಮ ಇಬ್ಬರು ಹಾಗೂ ಅಣ್ಣನ ಹೆಂಡತಿ ಒಬ್ಬರನ್ನೊಬ್ಬರು ಅರಸುತ್ತ ಒಂದೇ ಕಡೆ ಪ್ರಾಣ ಬಿಟ್ಟು, ಒಬ್ಬ ಸುಣ್ಣದ ಕಲ್ಲಾಗುತ್ತಾನೆ, ಇನ್ನೊಬ್ಬ ಅಡಿಕೆ ಮರವಾಗುತ್ತಾನೆ, ಆಕೆ ಮರವನ್ನು ತಬ್ಬಿದ ವೀಳ್ಯದ ಬಳ್ಳಿಯಾಗುತ್ತಾಳೆ. ಅಲ್ಲಿ ಇಂದಿಗೂ ಗಂಡಿನ ಕಡೆಯವರು ಹೆಣ್ಣಿನ ಮನೆಗೆ ಮೊದಲು ತೆಗೆದುಕೊಂಡು ಹೋಗುವುದು ಎಲೆ ಅಡಿಕೆಯನ್ನೇ. ನಮ್ಮ ಮನೆಗಳ ವೀಳ್ಯಶಾಸ್ತ್ರವನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೂ ಹತ್ತಿರದ ನಂಟೊಂದಿದೆ. ಕಾಸರಗೋಡಿನ ಕೂಡ್ಲಿನಲ್ಲಿ 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಹುಟ್ಟಿ, ಈಗ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾಗಿರುವ ಸಿಪಿಸಿಆರ್‌ಐ ತನ್ನ ವಿಟ್ಲದ ಕೇಂದ್ರದಲ್ಲಿ ಹೊರದೇಶದ ಅಡಿಕೆ ತಳಿಗಳನ್ನು ತರಿಸಿ ನೆಟ್ಟು, ಆಯ್ದು, ರೈತರಿಗೆ ಕೊಟ್ಟಿತು. ಮಂಗಳ ಚೀನಾದಿಂದ ಬಂದದ್ದು, ಸುಮಂಗಳ ಇಂಡೋನೇಷ್ಯಾದಿಂದ, ಶ್ರೀಮಂಗಳ ಸಿಂಗಾಪುರದಿಂದ. ನಮ್ಮ ಮನೆಯ ಕೆಳಗಿನ ತೋಟದಲ್ಲಿ ತಂದೆಯವರು ನೆಟ್ಟ ಮಂಗಳದ ಸಾಲುಗಳು ಈಗಲೂ ಫಲ ಕೊಡುತ್ತಿವೆ. ಹೊರಗಿನ ಅಡಿಕೆ ಬೇಡ ಎಂದು ಸಭೆಯಲ್ಲಿ ಕೈ ಎತ್ತುವ ನಮ್ಮಲ್ಲಿ ಅನೇಕರ ತೋಟದ ಮರಗಳ ಮೂಲ ಆ ಕಡಲಿನಾಚೆಗೇ ಇದೆ ಎಂಬುದು ನೆನಪಿನಲ್ಲಿರಬೇಕು.

ಕಾಸರಗೋಡು ಸಮಭಾಜಕ ವೃತ್ತದಿಂದ ಉತ್ತರಕ್ಕೆ ಸುಮಾರು 12.5 ಡಿಗ್ರಿಯಲ್ಲಿದೆ. ಚಂದ್ರಗಿರಿ ಹೊಳೆಯ ಅಳಿವೆಯಲ್ಲಿ ಬೆರಳಿಟ್ಟು ನಕ್ಷೆಯ ಮೇಲೆ ನೇರ ಪೂರ್ವಕ್ಕೆ ಎಳೆಯುತ್ತ ಹೋದರೆ ಬಂಗಾಳ ಕೊಲ್ಲಿಯನ್ನೂ ಅಂಡಮಾನನ್ನೂ ದಾಟಿದೊಡನೆ ಮ್ಯಾನ್ಮಾರಿನ (ಬರ್ಮಾದ) ಮ್ಯಿಯೆಕ್ ಪಟ್ಟಣ ಸಿಗುತ್ತದೆ. ಅದು ತನಿಂತಾರಿ ಎಂಬ ಉದ್ದನೆಯ ಕರಾವಳಿ ಸೀಮೆ: ಬೆನ್ನಿಗೆ ಬೆಟ್ಟ, ಎದುರಿಗೆ ಕಡಲು, ನೈಋತ್ಯ ಮುಂಗಾರಿನ ಹೊಡೆತ, ಅಡಿಕೆ, ರಬ್ಬರ್. ಮಳೆಗಾಲದಲ್ಲಿ ಅಲ್ಲಿ ಇಳಿದವನಿಗೆ ನಮ್ಮ ಊರಿನಲ್ಲೇ ಇದ್ದೇನೆಂದು ಅನಿಸಬಹುದು. ಬೆಟ್ಟ ದಾಟಿ ಥಾಯ್ಲೆಂಡ್ ಕೊಲ್ಲಿಯ ಆಚೆ ದಡಕ್ಕೆ ಹೋದರೆ ಕಾಳುಮೆಣಸಿಗೂ ದುರಿಯನ್ ಹಣ್ಣಿಗೂ ಹೆಸರಾದ ಚಂತಾಬುರಿ. ಇನ್ನೂ ಮುಂದೆ ಕಾಂಬೋಡಿಯಾದ ತೊನ್ಲೆ ಸಾಪ್ ಸರೋವರ. ಮಳೆಗಾಲದಲ್ಲಿ ಮೆಕಾಂಗ್ ನದಿ ತುಂಬಿ ಬಂದಾಗ ಈ ಸರೋವರದಿಂದ ಹೊರಡುವ ನದಿ ಹಿಮ್ಮುಖವಾಗಿ ಹರಿಯತೊಡಗುತ್ತದೆ. ಬೇಸಿಗೆಯಲ್ಲಿ ಸುಮಾರು 2,500 ಚದರ ಕಿಲೋಮೀಟರಿನಷ್ಟಿದ್ದು ನಮ್ಮ ಜಿಲ್ಲೆಗಿಂತ ಸ್ವಲ್ಪವೇ ದೊಡ್ಡದಾಗಿರುವ ನೀರಿನ ಹರವು ಆಗ 10,000 ಚದರ ಕಿಲೋಮೀಟರನ್ನು ದಾಟುತ್ತದೆ. ಅಲ್ಲಿಯ ಬದುಕು ಮೀನಿನದು, ಭತ್ತದ್ದು. ಆಮೇಲೆ ವಿಯೆಟ್ನಾಮಿನ ಕೆಂಪು ಮಣ್ಣಿನ ಎತ್ತರದ ಬಯಲು, ಅದರ ನಡುವೆ ಬುವೊನ್ ಮ ಥುವೊಟ್ ಪಟ್ಟಣ, ಸುತ್ತಲೂ ರೊಬಸ್ಟಾ ಕಾಫಿ ಮತ್ತು ಕಾಳುಮೆಣಸು. ಅಲ್ಲಿಂದ ಕಡಲಿಗಿಳಿದರೆ ಮಳೆಯ ಕಾಲವೇ ಬದಲಾಗುತ್ತದೆ. ನ್ಯಾ ಚಾಂಗ್ ಕರಾವಳಿಗೆ ದೊಡ್ಡ ಮಳೆ ಬರುವುದು ಸೆಪ್ಟೆಂಬರಿನಿಂದ ಡಿಸೆಂಬರಿನ ನಡುವೆ, ನಮ್ಮಲ್ಲಿ ಅಡಿಕೆ ಕೊಯ್ಲು ಶುರುವಾಗುವ ಹೊತ್ತಿಗೆ. ಕೊನೆಗೆ ಫಿಲಿಪ್ಪೀನ್ಸಿನ ಸಮಾರ್ ದ್ವೀಪ. ಅಲ್ಲಿ ತೆಂಗು ಬೆಳೆಯುವವನ ದೊಡ್ಡ ಭಯ ರೋಗಕ್ಕಿಂತ ಹೆಚ್ಚಾಗಿ ಗಾಳಿಯದು. 2013ರ ನವೆಂಬರಿನ ಹೈಯಾನ್ ಚಂಡಮಾರುತ ಆ ಭಾಗದ ಕೋಟಿಗಟ್ಟಲೆ ತೆಂಗಿನ ಮರಗಳನ್ನು ಹಾಳು ಮಾಡಿತು.

ಒಂದೇ ಗೆರೆ, ಒಂದೇ ಸೂರ್ಯ, ಆದರೆ ಬೆಟ್ಟ ಯಾವ ಕಡೆಗಿದೆ ಎಂಬುದರ ಮೇಲೆ, ಗಾಳಿ ಎತ್ತಲಿಂದ ಬೀಸುತ್ತದೆ ಎಂಬುದರ ಮೇಲೆ ಐದಾರು ಬಗೆಯ ಬೇಸಾಯ. ಇಂಡೋನೇಷ್ಯಾದ ಅಡಿಕೆಗೆ ಹೆಸರಾದ ಜಾಂಬಿ ಪ್ರಾಂತ ಈ ಗೆರೆಯಿಂದ ಬಹಳ ಕೆಳಗೆ, ಸುಮಾತ್ರಾ ದ್ವೀಪದಲ್ಲಿ, ಸಮಭಾಜಕ ವೃತ್ತದ ತುಸು ದಕ್ಷಿಣಕ್ಕಿದೆ. ಅಲ್ಲಿ ವರ್ಷವಿಡೀ ಮಳೆ. ನಮ್ಮಲ್ಲಿ ನಾಲ್ಕು ತಿಂಗಳು ಸುರಿದು ಆಮೇಲೆ ಬಾನು ಬಾಯಿ ಮುಚ್ಚುತ್ತದೆ. ಆ ಒಣಗಾಲ ನೀರಿಗಾಗಿ ಗುಡ್ಡದ ಹೊಟ್ಟೆಯೊಳಕ್ಕೆ ಸುರಂಗ ಕೊರೆಯುವಂತೆ ನಮ್ಮ ಹಿರಿಯರನ್ನು ದೂಡಿತು, ಚಾಲಿ ಒಣಗಿಸುವ ಬಿಸಿಲನ್ನು ಕೊಟ್ಟದ್ದೂ ಅದೇ. ಜಾಂಬಿಯ ರೈತನಿಗೆ ಸುರಂಗ ಬೇಡ, ಹನಿ ನೀರಾವರಿ ಬೇಡ. ಆದರೆ 40 ದಿನದ ಬಿಸಿಲನ್ನು ನೆಚ್ಚಿ ಅಂಗಳದಲ್ಲಿ ಅಡಿಕೆ ಹರಡುವ ಧೈರ್ಯವೂ ಅವನಿಗಿಲ್ಲ. ಹಸಿ ಕಾಯಿಯನ್ನು ಹೋಳು ಮಾಡಿದರೆ ಬೇಗ ಒಣಗುತ್ತದೆ. ಅಂಗೈಯಲ್ಲಿದ್ದ ಎರಡು ಅಡಿಕೆಗಳ ರೂಪದ ವ್ಯತ್ಯಾಸಕ್ಕೆ ಮುಖ್ಯ ಕಾರಣ ಎರಡು ಊರುಗಳ ಮಳೆ.

ಸಂಪತ್ತಿನ ಅಂತರವಂತೂ ಮಳೆಯ ಅಂತರಕ್ಕಿಂತ ದೊಡ್ಡದು. ಸಿಂಗಾಪುರದ ವಿಸ್ತೀರ್ಣ ಸುಮಾರು 735 ಚದರ ಕಿಲೋಮೀಟರು, 1,992 ಚದರ ಕಿಲೋಮೀಟರಿನ ಕಾಸರಗೋಡು ಜಿಲ್ಲೆಯ ಅರ್ಧವೂ ಇಲ್ಲ. ಅಲ್ಲಿನ ವಾರ್ಷಿಕ ತಲಾ ಉತ್ಪನ್ನ 80,000 ಡಾಲರಿಗಿಂತ ಹೆಚ್ಚು. ಮ್ಯಾನ್ಮಾರಿನದು 1,200 ಡಾಲರಿನ ಆಸುಪಾಸು. ಒಂದೇ ಕೂಟದ ಇಬ್ಬರು ಸದಸ್ಯರ ನಡುವೆ ಇಷ್ಟು ಪಟ್ಟು ಅಂತರವಿರುವುದು ಯುರೋಪಿನ ಒಕ್ಕೂಟದಲ್ಲಿ ಕಾಣುವುದಿಲ್ಲ. ನಡುವೆ ಎಲ್ಲ ಬಗೆಯವರೂ ಇದ್ದಾರೆ. ಬ್ರೂನೈ ತೈಲದ ಮೇಲೆ ನಿಂತಿದೆ. ಮಲೇಷ್ಯಾ ತನ್ನ ತೋಟಗಳಿಗೆ ಇಂಡೋನೇಷ್ಯಾ, ಬಾಂಗ್ಲಾದೇಶಗಳಿಂದ ಕೂಲಿಯವರನ್ನು ಕರೆಸುತ್ತದೆ. ಲಾವೋಸಿಗೆ ಕಡಲೇ ಇಲ್ಲ. 2021ರ ಡಿಸೆಂಬರಿನಲ್ಲಿ ಚೀನಾದ ಜತೆ ರೈಲು ಮಾರ್ಗ ತೆರೆದ ಮೇಲೆ ಅದರ ಮುಖ ಉತ್ತರಕ್ಕೆ ತಿರುಗಿದೆ. 1986ರಲ್ಲಿ ‘ದೊಯ್ ಮೊಯ್’ ಎಂಬ ಆರ್ಥಿಕ ಸುಧಾರಣೆಗೆ ಕೈಹಾಕಿದ ವಿಯೆಟ್ನಾಂ ಕಾಳುಮೆಣಸಿನ ಉತ್ಪಾದನೆಯಲ್ಲೂ ರಫ್ತಿನಲ್ಲೂ ಪ್ರಪಂಚಕ್ಕೆ ಮೊದಲನೆಯದಾಗಿ, ನಮ್ಮ ಮಲೆನಾಡಿನ ಬೆಳೆಗಾರರ ದರವನ್ನು ದೂರದಿಂದಲೇ ಅಲ್ಲಾಡಿಸಬಲ್ಲಷ್ಟು ಬೆಳೆಯಿತು. ಫಿಲಿಪ್ಪೀನ್ಸಿನ ಕಥೆ ನಮ್ಮವರಿಗೆ ತಾನಾಗಿಯೇ ಅರ್ಥವಾಗುತ್ತದೆ. ದುಬಾಯಿಯಿಂದಲೋ ದೋಹಾದಿಂದಲೋ ರಜೆಗೆ ಬಂದ ತಳಂಗರೆಯ, ಉಪ್ಪಳದ ಹುಡುಗರನ್ನು ಕೇಳಿ ನೋಡಿ, ಪಕ್ಕದ ಕೌಂಟರಿನಲ್ಲಿ ಕೆಲಸ ಮಾಡುವವರು ಫಿಲಿಪ್ಪೀನ್ಸಿನವರೇ. ಹೊರಗೆ ದುಡಿದವರು ಕಳಿಸುವ ಹಣದಲ್ಲಿ ಮನೆ ಏಳುವುದು, ಮಕ್ಕಳ ಶುಲ್ಕ ಕಟ್ಟುವುದು, ಊರಿನ ಗದ್ದೆಗೆ ಆಳು ಸಿಗದಿರುವುದು, ಇವೆಲ್ಲ ಎರಡು ಕಡೆಯೂ ಒಂದೇ ರೀತಿ.

ಭಾಷೆ, ಧರ್ಮಗಳ ವಿಚಾರವನ್ನು ಚುಟುಕಾಗಿ ಹೇಳಲಾಗದು, ಆದರೂ ಒಂದು ಸಂಗತಿಯನ್ನು ಬಿಡಲಾರೆ. ಪ್ರಪಂಚದಲ್ಲೇ ಅತಿ ಹೆಚ್ಚು ಮುಸ್ಲಿಮರಿರುವ ಇಂಡೋನೇಷ್ಯಾ, ಕೆಥೊಲಿಕರೇ ಹೆಚ್ಚಿರುವ ಫಿಲಿಪ್ಪೀನ್ಸ್, ಥೇರವಾದ ಬೌದ್ಧರ ಥಾಯ್ಲೆಂಡ್, ಮ್ಯಾನ್ಮಾರ್, ಕಾಂಬೋಡಿಯಾ, ಲಾವೋಸ್, ಹಿಂದೂಗಳ ಬಾಲಿ ದ್ವೀಪ ಎಲ್ಲವೂ ಈ ಒಂದೇ ಸೀಮೆಯೊಳಗಿವೆ. 17,000ಕ್ಕೂ ಹೆಚ್ಚು ದ್ವೀಪಗಳ, 700ಕ್ಕೂ ಹೆಚ್ಚು ಭಾಷೆಗಳ ಇಂಡೋನೇಷ್ಯಾದಲ್ಲಿ ಜಾವಾದವರೇ ಅತಿ ದೊಡ್ಡ ಸಮುದಾಯ. ಆದರೂ 1928ರಲ್ಲಿ ಯುವಜನರು ಪ್ರತಿಜ್ಞೆ ಮಾಡಿ ಒಗ್ಗಟ್ಟಿನ ಭಾಷೆಯೆಂದು ಆರಿಸಿಕೊಂಡದ್ದು ಜಾವಾದ ಭಾಷೆಯನ್ನಲ್ಲ, ಬಂದರುಗಳಲ್ಲಿ ಎಲ್ಲರೂ ಅಷ್ಟಿಷ್ಟು ಆಡುತ್ತಿದ್ದ ಮಲಯವನ್ನು. ಕನ್ನಡ, ಮಲಯಾಳಂ, ತುಳು, ಕೊಂಕಣಿ, ಬ್ಯಾರಿ, ಮರಾಠಿ, ಉರ್ದು ಒಂದೇ ಪೇಟೆಯಲ್ಲಿ ಕೇಳಿಬರುವ ನೆಲದಲ್ಲಿ, 1956ರಿಂದ ಭಾಷಾ ಅಲ್ಪಸಂಖ್ಯಾತರಾಗಿ ಬದುಕುತ್ತಿರುವ ನನ್ನಂಥವರಿಗೆ ಆ ತೀರ್ಮಾನ ದೊಡ್ಡದಾಗಿ ಕಾಣುತ್ತದೆ. ಅದೇ ದೇಶ 1975ರಿಂದ 1999ರ ತನಕ ಪೂರ್ವ ತಿಮೋರನ್ನು ಬಲದಿಂದ ಹಿಡಿದಿಟ್ಟಿತ್ತು ಎಂಬುದನ್ನೂ ಜತೆಗೇ ಹೇಳಬೇಕು. ಆ ತಿಮೋರ್ ಈಗ ಇಂಡೋನೇಷ್ಯಾದ ಪಕ್ಕದ ಕುರ್ಚಿಯಲ್ಲಿ ಸಮಾನ ಸದಸ್ಯನಾಗಿ ಕೂತಿದೆ.

ಈಗ ಅಡಿಕೆಗೇ ಬರೋಣ. ಇಂಡೋನೇಷ್ಯಾದ ದೊಡ್ಡ ಬೆಳೆ ತಾಳೆ. ಆ ದೇಶ ಮತ್ತು ಮಲೇಷ್ಯಾ ಸೇರಿ ಪ್ರಪಂಚದ ತಾಳೆ ಎಣ್ಣೆಯಲ್ಲಿ ಶೇಕಡಾ 80ಕ್ಕಿಂತ ಹೆಚ್ಚನ್ನು ಕೊಡುತ್ತವೆ. 2022ರ ಏಪ್ರಿಲ್ ಕೊನೆಯಲ್ಲಿ ಇಂಡೋನೇಷ್ಯಾ ಮೂರು ನಾಲ್ಕು ವಾರ ಎಣ್ಣೆಯ ರಫ್ತು ನಿಲ್ಲಿಸಿದಾಗ ನಮ್ಮ ಅಡುಗೆಮನೆಗಳಿಗೂ ಬಿಸಿ ತಟ್ಟಿತ್ತು. ಆ ದೇಶದಲ್ಲಿ ಅಡಿಕೆ ಸಣ್ಣ ಹಿಡುವಳಿದಾರರ ಬದುವಿನ ಬೆಳೆ, ಉಪ ಆದಾಯದ ಬೆಳೆ. ಜಗಿಯುವ ರೂಢಿ ಅಲ್ಲಿ ಬಹುಮಟ್ಟಿಗೆ ಹಿಂದೆ ಸರಿದಿರುವುದರಿಂದ ಬೆಳೆದದ್ದರ ದೊಡ್ಡ ಪಾಲು ಹೊರಗೇ ಹೋಗಬೇಕು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಿ, ಮರ ಹತ್ತುವವರಿಗೆ ಕಾದು, ಹಳದಿ ಎಲೆ ರೋಗಕ್ಕೂ ಎಲೆಚುಕ್ಕಿಗೂ ಹೆದರಿ ಅದೊಂದನ್ನೇ ನೆಚ್ಚಿದ ನಮ್ಮ ಮನೆಗಳ ಲೆಕ್ಕ ಅವರಿಗಿಲ್ಲ; ಬಂದಷ್ಟಕ್ಕೆ ಮಾರಿದರೂ ಅವರ ಸಂಸಾರ ನಡೆಯುತ್ತದೆ. ಇಲ್ಲಿ ದರದ ಪೈಪೋಟಿ ಇರುವುದು ಎರಡು ಬಗೆಯ ಜೀವನಕ್ರಮಗಳ ನಡುವೆ.

ಮ್ಯಾನ್ಮಾರಿನ ಕಥೆ ಬೇರೆ. ಅಲ್ಲಿ ಜನ ಇವತ್ತಿಗೂ ಬೀದಿ ಬೀದಿಯಲ್ಲಿ ಎಲೆ ಅಡಿಕೆ ಜಗಿಯುತ್ತಾರೆ, ಬೆಳೆಗೆ ಮನೆಯಲ್ಲೇ ಗಿರಾಕಿ ಇದ್ದಾನೆ. ಆದರೆ 2021ರ ಫೆಬ್ರವರಿ 1ರ ಸೇನಾ ಕ್ಷಿಪ್ರಕ್ರಾಂತಿಯ ನಂತರ ದೇಶ ಅಂತರ್ಯುದ್ಧಕ್ಕೆ ಬಿತ್ತು, ಡಾಲರಿಗೆ ಸುಮಾರು 1,300 ಇದ್ದ ಅಲ್ಲಿನ ನಾಣ್ಯ ಕ್ಯಾಟ್ ಮುಕ್ತ ಪೇಟೆಯಲ್ಲಿ 4,000 ದಾಟಿತು. ಹಣದ ಬೆಲೆ ಹೀಗೆ ಕುಸಿದಾಗ ಗಡಿ ದಾಟಿಸಿ ರೂಪಾಯಿಗೆ ಮಾರಬಲ್ಲ ಯಾವ ಸರಕಾದರೂ ಚಿನ್ನವೇ. ಮಿಜೋರಾಮಿನ ಚಂಫಾಯ್ ಜಿಲ್ಲೆಯ ಗಡಿಯಲ್ಲಿ ಅಸ್ಸಾಂ ರೈಫಲ್ಸ್ ಮತ್ತೆ ಮತ್ತೆ ಅಡಿಕೆ ಮೂಟೆಗಳನ್ನು ಹಿಡಿಯುತ್ತಿರುವುದರ ಹಿಂದೆ ಈ ಯುದ್ಧವಿದೆ. ಆ ದಾರಿಯಲ್ಲಿ ಬರುವುದೆಲ್ಲ ಮ್ಯಾನ್ಮಾರಿನದೇ ಬೆಳೆಯೂ ಅಲ್ಲ. ಇದನ್ನು ದೆಹಲಿಯ ಸುಂಕದ ಪಟ್ಟಿಯಿಂದ ತಡೆಯಲಾಗದು, ಏಕೆಂದರೆ ಸುಂಕದ ಕಟ್ಟೆಯ ಮುಂದೆ ಅದು ಬರುವುದೇ ಇಲ್ಲ.

ವಿಯೆಟ್ನಾಮಿನ ಎಳೆ ಅಡಿಕೆ ಹೆಚ್ಚಾಗಿ ಚೀನಾಕ್ಕೆ ಹೋಗುತ್ತದೆ, ಅಲ್ಲಿ ಹುನಾನ್ ಪ್ರಾಂತದವರು ಅದನ್ನು ಸಂಸ್ಕರಿಸಿ ಜಗಿಯುತ್ತಾರೆ. 2024ರಲ್ಲಿ ಚೀನಾದ ಬೇಡಿಕೆಯಿಂದ ವಿಯೆಟ್ನಾಮಿನ ತೋಟಗಳಲ್ಲಿ ದರ ಹಿಂದೆಂದೂ ಕಾಣದಷ್ಟು ಏರಿತ್ತು. ಅಂಥ ವರ್ಷ ಅವರ ಕಾಯಿ ನಮ್ಮತ್ತ ತಿರುಗಿ ನೋಡುವುದಿಲ್ಲ. ಥಾಯ್ಲೆಂಡಿನಲ್ಲಿ 1940ರ ದಶಕದ ಆರಂಭದಲ್ಲಿ ಫಿಬುನ್ ಸೊಂಗ್‌ಖ್ರಾಮ್ ಸರಕಾರ ‘ನಾಗರಿಕತೆ’ಯ ಹೆಸರಿನಲ್ಲಿ ಎಲೆ ಅಡಿಕೆ ಜಗಿಯುವುದನ್ನೇ ನಿಷೇಧಿಸಿತು, ಅಲ್ಲೀಗ ಅದು ವೃದ್ಧರ ರೂಢಿಯಾಗಿ ಮಾತ್ರ ಉಳಿದಿದೆ.

ಇಷ್ಟು ಬಗೆಯ ದೇಶಗಳ ಆಸಿಯಾನ್ ಕೂಟದ ಜತೆ ಭಾರತ ಮಾಡಿಕೊಂಡದ್ದು ಸುಂಕ ತಗ್ಗಿಸುವ ಒಂದೇ ಸರಕು ಒಪ್ಪಂದ. 2009ರ ಆಗಸ್ಟಿನಲ್ಲಿ ಸಹಿ ಬಿದ್ದು 2010ರ ಜನವರಿ 1ರಿಂದ ಜಾರಿಗೆ ಬಂದ ಅದರ ವಿರುದ್ಧ 2009ರ ಅಕ್ಟೋಬರ್ 2ರಂದು ಕೇರಳದ ಎಡಪಕ್ಷಗಳು ಕಾಸರಗೋಡಿನಿಂದ ತಿರುವನಂತಪುರದವರೆಗೆ ಮಾನವ ಸರಪಳಿ ಮಾಡಿದ್ದು ಇಲ್ಲಿಯ ಹಲವರಿಗೆ ನೆನಪಿರಬಹುದು. ರಬ್ಬರ್, ಮೆಣಸು, ತೆಂಗುಗಳ ಬಗ್ಗೆ ಅಂದು ಎತ್ತಿದ ಆತಂಕ ಸುಳ್ಳಾಗಿರಲಿಲ್ಲ. ಆದರೆ ಅಡಿಕೆಗೆ ತೊಂದರೆ ಬಂದದ್ದು ಹೆಚ್ಚಾಗಿ ಒಪ್ಪಂದದ ಸಂದುಗಳಿಂದ. ಪೂರ್ತಿ ಅಲ್ಲೇ ಬೆಳೆದದ್ದಲ್ಲದ ಸರಕನ್ನು ಆ ದೇಶದ್ದೇ ಎನ್ನಲು ಅದರ ಮೌಲ್ಯದಲ್ಲಿ ಕನಿಷ್ಠ ಶೇಕಡಾ 35 ಆ ಸೀಮೆಯೊಳಗೆ ಹುಟ್ಟಿರಬೇಕು, ಜತೆಗೆ ಸಂಸ್ಕರಣೆಯಿಂದ ಸುಂಕದ ವರ್ಗವೂ ಬದಲಾಗಿರಬೇಕು ಎಂಬುದು ನಿಯಮ. ಅಡಿಕೆಯನ್ನು ‘ಹುರಿದದ್ದು’ ಎಂದು ತೋರಿಸಿದರೆ ವರ್ಗ ಬದಲಾಗುತ್ತದೆ, ರಿಯಾಯಿತಿ ಕೇಳಲು ದಾರಿಯಾಗುತ್ತದೆ. ಕೇಂದ್ರ ಸರಕಾರ 2023ರ ಫೆಬ್ರವರಿಯಲ್ಲಿ ಅಡಿಕೆಯ ಕನಿಷ್ಠ ಆಮದು ದರವನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿದಾಗ ನಾವು ನೆಮ್ಮದಿಪಟ್ಟೆವು. ಹುರಿದ ಅಡಿಕೆಗೂ ಅದೇ ಮಿತಿ ಬರಲು 2025 ಬರಬೇಕಾಯಿತು. ಮೂಲದ ದಾಖಲೆಯನ್ನು ಆಮದುದಾರನೇ ಒದಗಿಸಬೇಕೆಂಬ ನಿಯಮ 2020ರ ಸೆಪ್ಟೆಂಬರಿನಿಂದ ಇದೆ, ಅದು ಒಳ್ಳೆಯದೇ. ಕಾಗದದ ಮೇಲಿನ ಮೂಲವನ್ನು ಮೂಟೆಯೊಳಗಿನ ಅಡಿಕೆಯ ಜತೆ ಹೋಲಿಸಿ ನೋಡುವ ಕಣ್ಣು ಬಂದರುಗಳಲ್ಲಿ ಇದೆಯೇ ಎಂಬುದು ನನ್ನ ಚಿಂತೆ.

ಒಪ್ಪಂದದ ಮರುಪರಿಶೀಲನೆಯನ್ನು 2025ರೊಳಗೆ ಮುಗಿಸುವ ಗುರಿಯನ್ನು ಎರಡು ಕಡೆಯವರೂ 2023ರಲ್ಲಿ ಇಟ್ಟುಕೊಂಡರು. ಈ ಸಂದರ್ಭದಲ್ಲಿ ನಮ್ಮ ಸಂಘಗಳು, ಕರ್ನಾಟಕ–ಕೇರಳಗಳ ಬೆಳೆಗಾರರು ಸೇರಿ 1973ರಲ್ಲಿ ಕಟ್ಟಿದ ಸಹಕಾರಿ ಸಂಸ್ಥೆ ಕ್ಯಾಂಪ್ಕೊ, ಎರಡು ರಾಜ್ಯಗಳ ಸಂಸದರು ‘ವಿದೇಶಿ ಅಡಿಕೆ ನಿಲ್ಲಿಸಿ’ ಎಂಬ ಒಂದೇ ವಾಕ್ಯದ ಮನವಿಗಿಂತ ಮುಂದೆ ಹೋಗಬೇಕು. ಇಂಡೋನೇಷ್ಯಾದ ಮಟ್ಟಿಗೆ ಕೇಳಬೇಕಾದದ್ದು ವರ್ಗೀಕರಣದ ಬಿಗಿ: ಹುರಿದದ್ದು, ಬೇಯಿಸಿದ್ದು, ಸುವಾಸನೆ ಹಚ್ಚಿದ್ದು ಯಾವುದಾದರೂ ಅಡಿಕೆ ಅಡಿಕೆಯೇ. ಮ್ಯಾನ್ಮಾರಿನ ಮಟ್ಟಿಗೆ ಕೇಳಬೇಕಾದದ್ದು ಗಡಿಯ ಕಾವಲು, ಹಾಗೂ ಹಿಡಿದ ಸರಕು ಹರಾಜಾಗಿ ಮತ್ತೆ ಪೇಟೆಗೆ ಬಾರದಂಥ ವ್ಯವಸ್ಥೆ. ವಿಯೆಟ್ನಾಮಿನ ವಿಷಯದಲ್ಲಿ ಬೇಕಾದದ್ದು ಚೀನಾದ ಪೇಟೆಯ ಮೇಲೆ ಒಂದು ಕಣ್ಣು, ಏಕೆಂದರೆ ಅಲ್ಲಿ ಬೇಡಿಕೆ ಕುಸಿದ ವರ್ಷವೇ ಆ ಕಾಯಿ ಬೇರೆ ಗಿರಾಕಿಯನ್ನು ಹುಡುಕುತ್ತದೆ.

ಇದಕ್ಕೆ ಬೇಕಾದ ಮಾಹಿತಿ ಗುಟ್ಟಿನದ್ದಲ್ಲ. ಭಾರತದ ಸುಂಕದ ಪಟ್ಟಿ ಇಡಿ ಅಡಿಕೆ, ಹೋಳು ಅಡಿಕೆ, ಪುಡಿ ಅಡಿಕೆಗೆ ಬೇರೆ ಬೇರೆ ಸಂಖ್ಯೆ ಕೊಟ್ಟಿದೆ. ಯಾವ ದೇಶದಿಂದ ಯಾವ ತಿಂಗಳು ಎಷ್ಟು ಬಂತೆಂಬ ಲೆಕ್ಕವನ್ನು ವಾಣಿಜ್ಯ ಸಚಿವಾಲಯ ಪ್ರಕಟಿಸುತ್ತದೆ. ಈ ಸಲದ ಹೊಸ ಚಾಲಿ ಅಂಗಳದಿಂದ ಏಳುವ ಮುನ್ನ ನಮ್ಮ ಸೊಸೈಟಿಗಳಲ್ಲಿ ಯಾರಾದರೊಬ್ಬರು ಕೂತು ಆ ಸಾಲುಗಳನ್ನು ಕನ್ನಡದಲ್ಲಿ ಬರೆದು, ದರದ ಹಲಗೆಯ ಪಕ್ಕದಲ್ಲೇ ತೂಗುಹಾಕಬಹುದು: ಈ ತಿಂಗಳು ಇಂಡೋನೇಷ್ಯಾದಿಂದ ಹೋಳು ಇಷ್ಟು, ಮ್ಯಾನ್ಮಾರಿನಿಂದ ಇಷ್ಟು, ವಿಯೆಟ್ನಾಮಿನಿಂದ ಇಷ್ಟು.